ಊರೆಲ್ಲಾ ಒಪ್ಪೇತಿ

ಮೂಡಲಗಿ
೧೪ ಜುಲೈ ೧೯೩೫

ಗೆಳೆಯ ರಾಚಪ್ಪನಿಗೆ,

ಕೆಲಸ ಸಿಕ್ಕಿತು! ನೀನು ಹೇಳಿ ಕಳಿಸಿದಂತೆ ಬೆಳಗಾಗುತ್ತಲೇ ನೀನು ಕೊಟ್ಟ ಕೋಟು ತೊಟ್ಟು ಹೋದೆ. ಪೇಟೆಯ ಹಿಂದೆ ಹತ್ತಿ ಕಂಪನಿಯವರು ಹಿಡಿದ ಬಾಡಿಗೆ ಮನೆ. ಡಂಕನ್ ಸಾಹೇಬ ನಿಂತುಕೊಂಡೇ ಚಹಾ ಕುಡಿಯುತ್ತಿದ್ದ. ಸ್ಕಾಟ್ಲಂಡಿನವನು. ಹತ್ತಿಯಿಂದ ಕಾಳು ಬಿಡಿಸುವ ಗಿರಣಿ ಕಟ್ಟುವುದು, ಎಂಜಿನ್ನು ಕೂಡಿಸುವುದು ಅವನ ಜವಾಬ್ದಾರಿ. "ಇಂಗ್ಲಿಷು ಬರುತ್ತದೆಯೇ? ಈ ಸೀಮೆಯ ಕನ್ನಡ ಬರುತ್ತದೆಯೇ? ಹಾಗಾದರೆ ಇವತ್ತಿನಿಂದ ನೀನೇ ನಮ್ಮ ದುಭಾಷಿ" ಎಂದ. ಅವನು ಕಪ್ಪು ಕೆಳಗಿಡುವುದರೊಳಗೆ ನನ್ನ ನೌಕರಿ ಪಕ್ಕಾ ಆಗಿತ್ತು. ನಾನು ಇನ್ನೂ ಹೊಸ್ತಿಲ ಮೇಲೇ ಇದ್ದೆ.

ಆದರೆ ಈ ಕಂಪನಿಗೆ ಇಬ್ಬರು ಮ್ಯಾನೇಜರರು. ಹತ್ತಿ ಕೊಳ್ಳುವುದು, ಹಡಗಿಗೆ ಕಳಿಸುವುದು ಎರಡನೆಯವನ ಪಾಲು. ಅವನು ಜಪಾನಿನವನು, ಹೆಸರು ಮೊರಿಯಾಮಾ. ಮರುದಿನ ನನ್ನನ್ನು ಎದುರಿಗೆ ಕೂಡ್ರಿಸಿಕೊಂಡು ಮುಂಜಾನೆಯೆಲ್ಲ ಮಾತಾಡಿಸಿದ. ಅವನ ಇಂಗ್ಲಿಷು ನನ್ನದಕ್ಕಿಂತ ಕುಂಟು. ಯಾವ ಸಾಲಿ, ಯಾವ ಮಾಸ್ತರರು, ಮನೆಯಲ್ಲಿ ಯಾರಿದ್ದಾರೆ ಎಂದೆಲ್ಲ ಕೇಳಿ, ಕೊನೆಗೆ, "ನೀನು ಇಲ್ಲಿಗೆ ಬಂದರೆ ಹುಕ್ಕೇರಿಯಲ್ಲಿ ಯಾರಿಗೆ ತೊಂದರೆ ಆಗುತ್ತದೆ?" ಎಂದ. ಅಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ನಮ್ಮ ಅವ್ವನಿಗೆ" ಎಂದೆ. "ಅವಳು ಒಪ್ಪಿದ್ದಾಳೆಯೇ?" ಹೌದೆಂದೆ. ಆಮೇಲೆ ಎದ್ದು, ನಡು ಬಗ್ಗಿಸಿ, ನಿನ್ನೆ ಡಂಕನ್ ಸಾಹೇಬರು ಮಾಡಿದ್ದು ತನಗೂ ಒಪ್ಪಿಗೆ ಎಂದ. ಒಬ್ಬ ಕಣ್ಣು ಮಿಟುಕಿಸುವುದರೊಳಗೆ ಮುಗಿಸಿದ್ದನ್ನು ಇನ್ನೊಬ್ಬ ಮರುದಿನ ಮುಂಜಾನೆಯೆಲ್ಲ ಕೂತು ಬುಡದಿಂದ ಕಟ್ಟಿಕೊಂಡು ಬಂದ ಹಾಗೆ!

ಇಬ್ಬರೂ ನನಗೆ ತಮ್ಮ ಕಪ್ಪಿನಲ್ಲೇ ಚಹಾ ಕೊಟ್ಟರು. ಊರ ಹೊರಗಿನ ಕೇರಿಯ ಹುಡುಗ ಎಂದು ಅವರಿಗೆ ಹೇಳಿಯೇ ಇದ್ದೆ. ಡಂಕನ್‌ಗೆ ಅದು ಕಿವಿಗೇ ಬೀಳಲಿಲ್ಲ. ಮೊರಿಯಾಮಾ ಕೇಳಿಸಿಕೊಂಡು ನನ್ನ ಕಪ್ಪಿಗೆ ಇನ್ನಷ್ಟು ಚಹಾ ಸುರಿದ. ಪೇಟೆಯ ಮಂದಿ ಈಗಾಗಲೇ ಅವನನ್ನು ಮುರಿಗೆಪ್ಪ ಸಾಹೇಬ ಎನ್ನುತ್ತಾರೆ. ಆ ಹೆಸರಿನಿಂದ ಕರೆದರೂ ಬಗ್ಗಿ ನಮಸ್ಕಾರ ಮಾಡುತ್ತಾನೆ.

ಗಿರಣಿಗೆ ಜಾಗ ನೋಡಲು ಮುಂದಿನ ತಿಂಗಳು ಯಾವ ಊರಿಗೆ ಹೋಗುತ್ತೇವೆ ಗೊತ್ತೇ? ನಿಮ್ಮ ಕಲ್ಲಗುಂಡಿಗೆ! ನಿಮ್ಮ ತಂದೆಯವರ ಹತ್ತಿರವೇ ಮಾತು. ಅವ್ವನಿಗೆ ಈ ಪತ್ರ ಓದಿ ಹೇಳು. ಅವಳಿಗೆ ನೀನು ಓದಿದರೇ ಸಮಾಧಾನ.

ನಿನ್ನವ,
ಕೇದಾರಿ


ಹುಕ್ಕೇರಿ
೨೦ ಜುಲೈ ೧೯೩೫

ಕೇದಾರಿಗೆ ರಾಚಪ್ಪನ ಶರಣು.

ಕಚೇರಿ ಬಿಟ್ಟ ಕೂಡಲೇ ನಿಮ್ಮ ಮನೆಗೆ ಹೋಗಿ ಅಂಗಳದಲ್ಲಿ ಕೂತು ಓದಿದೆ. ನಿನ್ನ ಅವ್ವ ಉದ್ದವ್ವ ಎರಡು ಸಲ ಓದಿಸಿದಳು. "ಯಾರಿಗೆ ತೊಂದರಿ ಆಕ್ಕೇತಿ ಅಂತ ಕೇಳಿದ್ನ? ಆ ಸಾಹೇಬನ ಹೆತ್ತಾಕಿ ಹೊಟ್ಟಿ ತಣ್ಣಗಿರಲಿ" ಎಂದು ಕಣ್ಣೊರೆಸಿಕೊಂಡಳು. ನನಗೂ ಕುಣಿಯುವ ಹಾಗಾಯಿತು. ನಿನಗೆ ಕೆಲಸ, ನಮ್ಮೂರಿಗೆ ಗಿರಣಿ! ನಮ್ಮ ಹತ್ತಿ ಇನ್ನು ಮೇಲೆ ಬಂಡಿಯ ಮೇಲೆ ಊರೂರು ಅಲೆಯುವುದು ತಪ್ಪುತ್ತದೆ.

ನನ್ನ ಕಚೇರಿಯ ಸುದ್ದಿ ಕೇಳಬೇಡ. ಬಾವಿಯ ಗಾಲಿ ಮುರಿದು ಎಷ್ಟೋ ದಿನವಾಯಿತು. ಹೊಸದು ಹಾಕಿಸಲು ನಾನು ಬರೆದ ಕಾಗದ ಮೇಲಿನವರಿಗೆ ಹೋಯಿತು, ಅವರು ಅವರ ಮೇಲಿನವರಿಗೆ ಕಳಿಸಿದರು, ಈಗ ಅದು ತಿರುಗಿ ನನ್ನ ಮೇಜಿಗೇ ಬಂದಿದೆ, "ತಮ್ಮ ಅಭಿಪ್ರಾಯವೇನು" ಎಂದು. ನಿಮ್ಮ ಡಂಕನ್ ಸಾಹೇಬನನ್ನು ಒಂದು ದಿನ ಇಲ್ಲಿಗೆ ಕಳಿಸಿಕೊಡು.

ನಮ್ಮೂರಿನ ಪದ್ಧತಿ ಮಾತ್ರ ನಿನ್ನ ಸಾಹೇಬರಿಗೆ ಮೊದಲೇ ತಿಳಿಸು. ಅಪ್ಪ ಗೌಡನೇ ಇರಬಹುದು, ಆದರೆ ಒಬ್ಬನೇ ಯಾವುದನ್ನೂ ಠರಾಯಿಸುವುದಿಲ್ಲ. ಮೊದಲ ದಿನ ಮಳೆ, ಎತ್ತು, ಬೀಗತನ ಇವೇ ಮಾತು. ಎರಡನೆಯ ಸಲ ವಿಷಯ ನಡುವೆ ಬಂದು ಬೀಳುತ್ತದೆ, ಯಾರೂ ಮುಟ್ಟುವುದಿಲ್ಲ. ಒಬ್ಬೊಬ್ಬರ ಮನಸ್ಸೂ ಕರಗುವ ತನಕ ಕೂಡುತ್ತಾರೆ. ಯಾರೂ ಸೋತೆ ಅನ್ನಬಾರದು, ಅದು ನಮ್ಮವರ ಶಾಣ್ಯಾತನ. ಮತ್ತೆ ನೆನಪಿಡು, "ನೋಡೂಣ್ರಿ" ಎಂದರೆ ಇಲ್ಲ ಎಂದರ್ಥ. ಬಂದ ಮಂದಿಗೆ ಮುಖದ ಮೇಲೆ ಇಲ್ಲ ಅನ್ನುವುದು ನಮ್ಮಲ್ಲಿ ಇಲ್ಲ.

ನೀನು ಸಾಹೇಬರ ಜೋಡಿ ಚಾವಡಿಗೆ ಬರುತ್ತೀ ಎಂದು ಅಪ್ಪನಿಗೆ ಬರೆದಿದ್ದೇನೆ. ನಿನ್ನ ಬಗ್ಗೆ ಇನ್ನೇನು ಬರೆಯಬೇಕೆಂದು ತಿಳಿಯದೆ ಅಷ್ಟೇ ಬರೆದೆ.

ನಿನ್ನ,
ರಾಚಪ್ಪ


ಮೂಡಲಗಿ
೬ ಆಗಸ್ಟ್ ೧೯೩೫

ರಾಚಪ್ಪಾ,

ನಿಮ್ಮೂರಿಗೆ ಹೋಗಿ ಬಂದೆವು. ಹೊಟ್ಟೆ ಹಿಡಿದುಕೊಂಡು ನಗುವ ಸಂಗತಿ ಇದೆ, ಕೇಳು.

ಚಾವಡಿಯ ಕಟ್ಟೆಯ ಮೇಲೆ ಸಾಹೇಬರಿಗೆ ಕುರ್ಚಿ, ಊರ ಹಿರಿಯರಿಗೆ ಜಮಖಾನೆ ಹಾಸಿದ್ದರು. ನಾನು ಕೆಳಗೆ ನಿಂತೆ. ನಾನು ಅಲ್ಲಿಯೇ ನಿಲ್ಲುವವನು ಎಂದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಡಂಕನ್ ಕುರ್ಚಿಯಲ್ಲಿ ಕೂಡುತ್ತಲೇ, "ರಸ್ತೆಗೆ ಹತ್ತಿದ ನಾಲ್ಕು ಎಕರೆ ಬೇಕು. ಸರಿಯಾದ ಬೆಲೆ ಕೊಡುತ್ತೇವೆ. ಕೊಡುತ್ತಾರೋ ಇಲ್ಲವೋ ಕೇಳು" ಎಂದ. ನಾನು ಅದನ್ನೇ, "ಸಾಹೇಬ್ರು ನಿಮ್ಮೂರ ಹೆಸರ ಕೇಳಿ ಭಾಳ ದೂರದಿಂದ ಬಂದಾರ್ರಿ, ಮಳಿ ಬೆಳಿ ಹ್ಯಾಂಗ ಅಂತ ಕೇಳಾಕತ್ತಾರ್ರಿ" ಎಂದು ಶುರು ಮಾಡಿ, ಕಡೆಗೆ ಜಾಗದ ಮಾತಿಗೆ ತಂದೆ. ಇಷ್ಟುದ್ದ ಯಾಕೆ ಎಂದು ಡಂಕನ್ ಗಡಿಯಾರ ನೋಡಿದ.

ನಿಮ್ಮ ತಂದೆಯವರು ತಂಬಾಕು ತಿಕ್ಕಿ ತಿಕ್ಕಿ ಬಾಯಿಗೆ ಹಾಕಿಕೊಂಡು, "ಆತು, ನೋಡೂಣ್ರಿ" ಎಂದರು.

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಡಂಕನ್ ಅವರ ಮುಖದ ಕಳೆ ನೋಡಿ ಎದ್ದು ಕೈ ಹಿಡಿದು ಕುಲುಕಿಬಿಟ್ಟ! ಕಂಪನಿಯ ಮುಂಬಯಿ ಕಚೇರಿಗೆ ತಂತಿ ಕಳಿಸುತ್ತೇನೆ, ಜಾಗ ಸಿಕ್ಕಿತು ಎಂದ. ಗೌಡರು ಕುಲುಕಿಸಿಕೊಂಡ ಕೈಯನ್ನೇ ನೋಡುತ್ತ ಕೂತರು. ವಾಪಸು ಟಾಂಗಾದಲ್ಲಿ ಬರುವಾಗ ಮೊರಿಯಾಮಾ ಮೆಲ್ಲಗೆ, "ಡಂಕನ್, ಅವರು ಇಲ್ಲ ಎಂದರು" ಎಂದ. ಡಂಕನ್ ನನ್ನ ಕಡೆ ತಿರುಗಿದ. ನಾನು ಹೌದೆಂದೆ. "ಒಂದು ಅಕ್ಷರ ಕನ್ನಡ ಬಾರದೆ ನಿನಗೆ ಹೇಗೆ ತಿಳಿಯಿತು?" ಎಂದು ಮೊರಿಯಾಮಾನನ್ನು ಕೇಳಿದರೆ, "ನಮ್ಮ ದೇಶದಲ್ಲಿಯೂ ಇಲ್ಲ ಎನ್ನುವುದು ಹೀಗೆಯೇ. ಚೆನ್ನಾಗಿ ವಿಚಾರ ಮಾಡುತ್ತೇವೆ ಅನ್ನುತ್ತೇವೆ" ಎಂದ. ರಾಚಪ್ಪಾ, ಏಳು ಸಮುದ್ರದ ಆಚೆಯೂ ನಿಮ್ಮ ತಂದೆಯವರಂಥವರು ಇದ್ದಾರೆ! ಡಂಕನ್ ಮೊದಲು ಕೆಂಪಾದ, ಆಮೇಲೆ ಟಾಂಗಾ ಅಲ್ಲಾಡುವ ಹಾಗೆ ನಕ್ಕ. "ಇಲ್ಲ ಅನ್ನುವುದಕ್ಕೆ ಇಲ್ಲ ಅಂದರೆ ಏನು ಗಂಟು ಹೋಗುತ್ತದೆ?" ಎಂದ. "ಮುಂದಿನ ಸಲ ಹೂಂ ಅನ್ನುವ ದಾರಿ ಹೋಗುತ್ತದೆ" ಎಂದ ಮೊರಿಯಾಮಾ.

ಇನ್ನೊಂದು ಮಾತು. ಚಾವಡಿಯಲ್ಲಿ ಸ್ವಲ್ಪ ಹೊತ್ತಿಗೆ ಮೊರಿಯಾಮಾ ಕುರ್ಚಿ ಬಿಟ್ಟು ಕೆಳಗಿಳಿದು ನನ್ನ ಬಾಜೂ ಬಂದು ನಿಂತ. ಮೊಣಕಾಲು ಹಿಡಿದಿದೆ, ನಿಂತರೆ ಹಗುರ ಎಂದ. ಬರುವಾಗ ಟಾಂಗಾ ಹತ್ತಿದ್ದು ಮಾತ್ರ ಹುಡುಗರ ಹಾಗೆ ಒಂದೇ ನೆಗೆತಕ್ಕೆ.

ನಿನ್ನವ,
ಕೇದಾರಿ


ಮೂಡಲಗಿ
೨ ಸೆಪ್ಟೆಂಬರ್ ೧೯೩೫

ರಾಚಪ್ಪಾ,

ಈ ಸುದ್ದಿ ಬೇರೆಯವರಿಂದ ನಿನಗೆ ಮುಟ್ಟುವ ಮೊದಲು ನಾನೇ ಬರೆಯಬೇಕು. ರಾತ್ರಿಯೆಲ್ಲ ಅಂಗಳದಲ್ಲಿ ಅಡ್ಡಾಡಿದೆ. ಹೆದರಿಕೆಯಿಂದಲೋ ಹುರುಪಿನಿಂದಲೋ ಹೇಳಲಾರೆ.

ನಿನ್ನೆ ಕರೆ ಬಂದು ಮತ್ತೆ ನಿಮ್ಮೂರ ಚಾವಡಿಗೆ ಹೋದಾಗ ನಿಮ್ಮ ತಂದೆಯವರು ಮಳೆಯ ಮಾತೇ ಎತ್ತಲಿಲ್ಲ. ನೇರವಾಗಿ ನನಗೆ, "ಸಾಹೇಬ್ರಿಗೆ ಹೇಳ. ಕೇರಿ ಇರೂ ಜಾಗಾ ರಸ್ತೇಕ ಹತ್ತೇತಿ, ಎತ್ತರದಾಗ ಐತಿ. ಅಲ್ಲಿ ಗಿರಣಿ ಕಟ್ಟಲಿ. ಕೇರಿಯವ್ರು ಹಳ್ಳದ ಆಚೀಕ ಹೋಗತಾರ. ಎಲ್ಲಾ ಮಾತು ಆಗೇತಿ, ಊರೆಲ್ಲಾ ಒಪ್ಪೇತಿ" ಎಂದರು.

ಡಂಕನ್‌ಗೆ ಅವರ ದನಿಯಲ್ಲೇ ತಿಳಿಯಿತು. ಮುಖ ಅರಳಿಸಿ, "ಏನಂದರು?" ಎಂದ.

ಊರೆಲ್ಲ ಒಪ್ಪಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪೂ ಆಗುತ್ತಿರಲಿಲ್ಲ. ಆದರೆ ಅವರ ಭಾಷೆಯಲ್ಲಿ ಊರು ಎಂದರೆ ಅಲ್ಲಿರುವ ಅಷ್ಟೂ ಮನೆ. ನಮ್ಮದರಲ್ಲಿ ಊರು ಬೇರೆ, ಕೇರಿ ಬೇರೆ. ಆ ಮಾತು ನನ್ನ ಬಾಯಿಂದ ಹಾಗೆಯೇ ಹೊರಡಲಿಲ್ಲ. ನಾನು ಹೇಳಿದ್ದು ಇಷ್ಟು: "ಊರು ಒಪ್ಪಿದೆ ಎನ್ನುತ್ತಾರೆ. ಈ ಭಾಷೆಯಲ್ಲಿ ಊರು ಎಂದರೆ ಅದರಲ್ಲಿ ಕೇರಿ ಬರುವುದಿಲ್ಲ. ಮನೆ ಬಿಡಬೇಕಾದವರು ಕೇರಿಯವರು. ಅವರನ್ನು ಕೇಳಿದ್ದಾರೆಯೇ ಎಂದು ಇವರು ಹೇಳಲಿಲ್ಲ."

ಗೌಡರು ಹುಬ್ಬು ಗಂಟಿಕ್ಕಿದರು. "ಒಪ್ಪೇತಿ ಅನ್ನಾಕ ಇಷ್ಟುದ್ದ ಇಂಗ್ಲೀಷ ಬೇಕೇನೋ?"

ಆಗ ನಾನು ಏನು ಹೇಳಿದೆನೋ ಅದನ್ನೇ ಕನ್ನಡದಲ್ಲಿ ಅವರಿಗೂ ಹೇಳಿದೆ. ಒಂದು ಶಬ್ದ ಬಿಡಲಿಲ್ಲ. ಆಮೇಲೆ ಒಮ್ಮೆಲೇ ಗದ್ದಲ. "ಇಂವಗ ಯಾರ ಕೇಳ್ಯಾರ?" "ಸೊಕ್ಕು ನೋಡ!" ಡಂಕನ್‌ಗೂ ಸಿಟ್ಟು ಬಂತು. "ನಾನು ಕೇಳಿದ್ದು ಅವರ ಮಾತು, ನಿನ್ನ ಭಾಷಣವಲ್ಲ. ಊರ ಮುಖ್ಯಸ್ಥ ಹೂಂ ಅಂದ ಮೇಲೆ ಮುಗಿಯಿತು" ಎಂದ. ಮೊರಿಯಾಮಾ ಮಾತ್ರ ಬೂಟು ಮೆಟ್ಟಿಕೊಂಡು ಕೆಳಗಿಳಿದ. "ಕೇರಿ ಎಲ್ಲಿದೆ? ತೋರಿಸು" ಎಂದ.

ಕೇರಿಯ ಬಾಯಿಗೇ ಮರೆವ್ವ ಎಂಬ ಮುದುಕಿಯ ಮನೆ. ಅಂಗಳ ಸಾರಿಸುತ್ತಿದ್ದಳು. ಸಾಹೇಬನನ್ನು ಕಂಡು ಏಳಲಿಲ್ಲ. "ಕೇಳಾಕ ಬಂದೀರೋ, ಹೇಳಾಕ ಬಂದೀರೋ?" ಎಂದಳು. ತಿರುಗಿಸಿದೆ. "ಕೇಳುವುದಕ್ಕೆ" ಎಂದ ಮೊರಿಯಾಮಾ. "ಹಂಗಾರ ಕುಂದರ್ರಿ. ಕೇಳಾಕ ಬಂದವ್ರು ನಿಂತು ಕೇಳೂದಿಲ್ಲ" ಎಂದು ಗೋಣಿ ಹಾಸಿದಳು. ಅವನು ಚಕ್ಕಳಬಕ್ಕಳ ಹಾಕಿ ಕೂತ. ಕೇರಿಗೆ ಕೇರಿಯೇ ಕೂಡಿತು. ಮೊದಲು ಯಾರೂ ಬಾಯಿ ಬಿಡಲಿಲ್ಲ, ಇವನೂ ಬಿಡಿಸಲು ಹೋಗಲಿಲ್ಲ. ಆಮೇಲೆ ಮಾತು ಬಂದವು ನೋಡು! ಹಳ್ಳದ ಆಚೆ ಮಳೆಗಾಲದಲ್ಲಿ ದಾರಿ ಕಟ್ಟಾಗುತ್ತದೆ, ಬಾಣಂತಿಯರನ್ನು ಹೊತ್ತು ತರುವುದು ಹೇಗೆ? ಗಿರಣಿ ಬೇಡ ಎಂದು ಯಾರೂ ಅನ್ನಲಿಲ್ಲ, ಅಲ್ಲಿ ನಮ್ಮ ಹೆಂಗಸರಿಗೆ ಕೆಲಸ ಇದೆಯೋ ಇಲ್ಲವೋ? ಮರೆವ್ವ ಕಡೆಗೆ, "ನಮ್ಮನ್ನ ಏಳಸೂ ಮಾತು ನಮಗ ನಿನ್ನಿ ಗೊತ್ತಾತು, ಅದೂ ದನಾ ಕಾಯಾಕ ಹೋದಲ್ಲಿ" ಎಂದಳು.

ಮೊರಿಯಾಮಾ ಎದ್ದು ಅವಳಿಗೂ ಬಗ್ಗಿ ನಮಸ್ಕಾರ ಮಾಡಿದ. ನಾವು ಹೊರಟಾಗ ನಿಮ್ಮ ತಂದೆಯವರು ಚಾವಡಿಯ ಮುಂದೆ ನಿಂತಿದ್ದರು. ನನ್ನನ್ನು ನೋಡಿದರು. ಮುಖ ತಿರುಗಿಸಿ ಒಳಗೆ ಹೋದರು.

ಬೇಗ ಬರೆ.

ಕೇದಾರಿ


ಮೂಡಲಗಿ
೨೮ ಸೆಪ್ಟೆಂಬರ್ ೧೯೩೫

ರಾಚಪ್ಪಾ,

ನಿನ್ನ ಪತ್ರವಿಲ್ಲ. ಕೆಲಸದ ಗಡಿಬಿಡಿ ಇರಬೇಕು ಎಂದುಕೊಂಡಿದ್ದೇನೆ.

ಇಲ್ಲಿ ನಡೆದದ್ದು ಕೇಳು. ಕಲ್ಲಗುಂಡಿಯಿಂದ ಬಂದ ಸಂಜೆಯೇ ಡಂಕನ್ ನನ್ನನ್ನು ಬಿಡಿಸುವುದೆಂದು ಠರಾಯಿಸಿದ್ದ. ಮೊರಿಯಾಮಾ ಬೇಡ ಅನ್ನಲಿಲ್ಲ, "ನಾಳೆ ಮಾತಾಡೋಣ" ಎಂದ. ಮರುದಿನವೂ ನಾಳೆ ಎಂದ. ಹೀಗೆ ನಾಳೆ ನಾಳೆ ಎನ್ನುತ್ತ ಡಂಕನ್‌ನ ಸಿಟ್ಟು ಆರುವುದಕ್ಕೆ ಜಾಗ ಮಾಡಿಕೊಟ್ಟ. ಒಂದು ಮುಂಜಾನೆ ಡಂಕನ್ ನನ್ನನ್ನು ಕರೆದು ಕೂಡ್ರು ಎಂದ. ಅವನೂ ಕೂತ. ಅವನು ಕೂತು ಮಾತಾಡಿದ್ದನ್ನು ನಾನು ಅಂದೇ ನೋಡಿದ್ದು.

"ನಮ್ಮ ಅಜ್ಜಿ ಹುಟ್ಟಿದ್ದು ಗುಡ್ಡದ ಹಳ್ಳಿಯಲ್ಲಿ" ಎಂದ. "ಜಮೀನುದಾರನಿಗೆ ಕುರಿ ಮೇಯಿಸಲು ಜಾಗ ಬೇಕಾಯಿತು. ಹಳ್ಳಿಯವರೆಲ್ಲ ಒಪ್ಪಿದ್ದಾರೆ ಎಂದು ಬರೆದುಕೊಂಡು, ಮನೆಗಳ ಮಾಡು ಕಿತ್ತು ಹಾಕಿದರು. ಅಜ್ಜಿ ಆಗ ತೊಟ್ಟಿಲ ಕೂಸು. ಆ ಕತೆ ಕೇಳಿಯೇ ನಾನು ಬೆಳೆದೆ. ಅವರಿಗೆ ಬರುತ್ತಿದ್ದದ್ದು ಗುಡ್ಡದ ಭಾಷೆ, ಇಂಗ್ಲಿಷು ಅಲ್ಲ. ಅಲ್ಲಿ ನಿನ್ನಂಥ ದುಭಾಷಿ ಒಬ್ಬನೂ ಇರಲಿಲ್ಲ." ಇಷ್ಟು ಹೇಳಿ ಎದ್ದು ನಿಂತ. "ಕೇರಿಯ ಜಾಗದಲ್ಲಿ ಗಿರಣಿ ಕಟ್ಟುವುದಿಲ್ಲ. ಮುಗಿಯಿತು. ನೀನು ಕೆಲಸ ಬಿಡುವುದಿಲ್ಲ. ಅದೂ ಮುಗಿಯಿತು." ಮತ್ತೆ ಕಣ್ಣು ಮಿಟುಕಿಸುವುದರೊಳಗೆ ಎರಡು ನಿರ್ಧಾರ! ಹೊರಗೆ ಬಂದು ನಾನು ಒಬ್ಬನೇ ನಕ್ಕೆ, ಅತ್ತೆ, ಯಾವುದು ಮೊದಲೋ ತಿಳಿಯದು.

ಈಗ ಜಾಗಕ್ಕಾಗಿ ನಾಗನೂರ, ಕೊಣ್ಣೂರ ಎಂದು ಅಲೆಯುತ್ತಿದ್ದೇವೆ. ಗಿರಣಿ ನಿಮ್ಮೂರಿಗೆ ತಪ್ಪಿತು ಎಂದು ನೀನು ನೊಂದಿರಬಹುದು. ನೊಂದಿದ್ದರೆ ಅದನ್ನೇ ಬರೆ.

ಅವ್ವನಿಗೂ ಬೇರೆ ಪತ್ರ ಹಾಕಿದ್ದೇನೆ.

ಕೇದಾರಿ


ಹುಕ್ಕೇರಿ
೩ ನವೆಂಬರ್ ೧೯೩೫

ಕೇದಾರಿಗೆ,

ನಿನ್ನ ಅವ್ವ ನಮ್ಮ ಕಚೇರಿಗೆ ಬಂದಿದ್ದಳು. ಪಾವಟಿಗೆಯ ಕೆಳಗೆ, ಬಿಸಿಲಿನಲ್ಲಿ ನಿಂತು, ಸೆರಗಿನ ಗಂಟಿನಿಂದ ನಿನ್ನ ಪತ್ರಗಳನ್ನು ತೆಗೆದಳು. ಒಂದನ್ನೂ ಒಡೆದಿರಲಿಲ್ಲ. "ನಿಮ್ಮ ನಿಮ್ಮ ಜಗಳ ನಿಮಗಿರಲಿ, ಸಣ್ಣ ಗೌಡ್ರ. ಓದಿ ಹೇಳಾವ್ರು ನನಗ ಬ್ಯಾರೆ ಯಾರದಾರ?" ಎಂದಳು. ನಾನು ಕೆಳಗಿಳಿದು ಬಂದು ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಓದಿದೆ. ಒಳಗಿನಿಂದ ಕಾರಕೂನರು ಇಣುಕಿ ನೋಡುತ್ತಿದ್ದರು. ನೋಡಲಿ. ಉಂಡೆಯಾ, ನಿದ್ದೆ ಮಾಡಿದೆಯಾ, ಇಷ್ಟೇ ಇತ್ತು ಅವುಗಳಲ್ಲಿ. ಅವಳು ಹೋದ ಮೇಲೆ ಕೆಲಸ ಮಾಡಲಾಗಲಿಲ್ಲ.

ಹೌದು, ನನಗೆ ಸಿಟ್ಟು ಬಂದಿತ್ತು. ಗಿರಣಿ ತಪ್ಪಿದ್ದಕ್ಕಲ್ಲ. ತುಂಬಿದ ಚಾವಡಿಯಲ್ಲಿ ನಮ್ಮ ಅಪ್ಪನ ಮುಖದ ಮೇಲೆ ಹೇಳಿದೆಯಲ್ಲ, ಮೊದಲು ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಅಂತ. ಎಷ್ಟೋ ದಿನ ಇದನ್ನೇ ಹಲ್ಲಿನಲ್ಲಿ ಕಡಿದೆ. ಆಮೇಲೆ ದೀಪಾವಳಿಗೆ ಊರಿಗೆ ಹೋದೆ.

ಹಬ್ಬದ ದಿನ ಊಟಕ್ಕೆ ಕೂತಾಗ ನಮ್ಮ ಅಜ್ಜಿ ಅಕ್ಕವ್ವ ಹೋಳಿಗೆ ಬಡಿಸುತ್ತ ಅಪ್ಪನ ಮುಂದೆ ನಿಂತಳು. "ದುಂಡಪ್ಪಾ, ದಿನಾ ಲಿಂಗಪೂಜಿಗೆ ಕುಂತಾಗ ಕಲ್ಯಾಣದಾಗ ಎಲ್ಲಾ ಕುಲದವ್ರು ಒಂದ ಕಡೆ ಕುಂತು ಮಾತಾಡತಿದ್ರು ಅಂತ ಹೇಳತಿ. ಕೇರಿಗಿ ಹೋಗಿ ಒಂದ ಮಾತ ಕೇಳಾಕ ನಿನಗ ಏನ ಧಾಡಿ ಆಗಿತ್ತು?" ಎಂದಳು. ಮನೆಯಲ್ಲಿ ಎಲ್ಲರ ಕೈ ತಾಟಿನಲ್ಲೇ ನಿಂತಿತು. ಅಪ್ಪ ಹೋಳಿಗೆಯನ್ನು ತಾಟಿನ ಅಂಚಿಗೆ ಸರಿಸಿದ. ಆಮೇಲೆ, "ಆ ಹುಡುಗ ಹೇಳಿದ್ದು ಸುಳ್ಳೇನಲ್ಲ ಯವ್ವಾ. ಸುಳ್ಳಾಗಿದ್ರ ಅವತ್ತ ಮರತಬಿಡತಿದ್ನಿ" ಎಂದ.

ಕೇದಾರಿ, ಆ ಮಾತು ಕೇಳಿ ನನ್ನ ಸಿಟ್ಟಿಗೆ ನಿಲ್ಲಲು ಜಾಗವೇ ಉಳಿಯಲಿಲ್ಲ. ನೀನು ನನ್ನನ್ನು ಕೇಳಬೇಕಿತ್ತು ಅನ್ನುತ್ತೇನೆ. ಅಂಥ ಹೊತ್ತಿನಲ್ಲಿ ಕೇಳಲು ನಾನು ಎಲ್ಲಿದ್ದೆ? ನಿನ್ನನ್ನು ಕಟ್ಟೆಯ ಮೇಲೆ ಕೂಡಿಸು ಎಂದು ಅಪ್ಪನಿಗೆ ಒಂದು ಸಾಲು ಬರೆಯಲೂ ನನಗೆ ಆಗಿರಲಿಲ್ಲ.

ಈಗ ಸುದ್ದಿ ಕೇಳು! ಮರುದಿನದಿಂದ ಮತ್ತೆ ಕೂಟ ಶುರುವಾಯಿತು. ಅಪ್ಪ ಕೇರಿಗೆ ಹೇಳಿ ಕಳಿಸಿದ. ಮರೆವ್ವ ತಾನು ಬರಲಿಲ್ಲ, ತನ್ನ ಮಗ ಯಲ್ಲಾರಿಯನ್ನು ಕಳಿಸಿದಳು. "ಕರದಾರಂತ ಓಡಿ ಹೋಗಬ್ಯಾಡ, ನಿಧಾನ ಹೋಗ" ಎಂದಳಂತೆ. ಕೆಲವರು ಎದ್ದು ಹೋದರು. ಅಪ್ಪ ಅವರ ಮನೆಗಳಿಗೆ ತಾನೇ ಹೋಗಿ ಕರೆದು ತಂದ. ಇನ್ನೂ ಮುಖ ತಿರುಗಿಸಿಕೊಂಡವರು ಇದ್ದಾರೆ. ಆದರೂ ಮಾತು ಒಂದು ದಂಡೆಗೆ ಬಂತು. ರಸ್ತೆಯ ಮೂಲೆಯಲ್ಲಿ ನಮ್ಮದೇ ಹೊಲವಿದೆಯಲ್ಲ, ಅದನ್ನು ಕೊಡುವುದು. ಕೇರಿಯ ಹೆಂಗಸರಿಗೂ ಊರ ಹೆಂಗಸರಿಗೂ ಗಿರಣಿಯಲ್ಲಿ ಒಂದೇ ಕೆಲಸ, ಒಂದೇ ಕೂಲಿ. ನಿನ್ನ ಸಾಹೇಬರನ್ನು ಕರೆದುಕೊಂಡು ಹೋಗು. ಈ ಸಲ ಅಪ್ಪ "ನೋಡೂಣ್ರಿ" ಅನ್ನುವುದಿಲ್ಲ.

ಶರಣು. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಬಂದಾಗ ಬೈದುಬಿಡು.

ನಿನ್ನ,
ರಾಚಪ್ಪ


ಕಲ್ಲಗುಂಡಿ
೨೨ ಮಾರ್ಚ್ ೧೯೩೬

ರಾಚಪ್ಪಾ,

ಗಿರಣಿ ಶುರುವಾಯಿತು! ರಜೆ ಸಿಗದೆ ನೀನು ತಪ್ಪಿಸಿಕೊಂಡೆಯಲ್ಲ, ಹಲ್ಲು ಕಡಿಯುವ ಹಾಗಾಯಿತು ನನಗೆ.

ಡಂಕನ್ ಎಂಟು ಗಂಟೆ ಎಂದರೆ ಎಂಟಕ್ಕೇ ಎಂಜಿನ್ನು ಎಬ್ಬಿಸಬೇಕೆಂದು ಹಟ ಹಿಡಿದ. ಊರವರು ರಾಹುಕಾಲ ಕಳೆಯಲಿ ಎಂದರು. ಮೊರಿಯಾಮಾ ಇವರನ್ನು ಕೇಳು, ಅವರನ್ನು ಕೇಳು ಎಂದು ನನ್ನನ್ನು ಅತ್ತಿಂದಿತ್ತ ಓಡಾಡಿಸಿದ. ಕಡೆಗೆ ಡಂಕನ್, "ಎಂಜಿನ್ನು ಎಂಟಕ್ಕೆ ಏಳುತ್ತದೆ, ಹತ್ತಿ ಅವರು ಹೇಳಿದಾಗ ಹಾಕಲಿ" ಎಂದ. ಎರಡೂ ಆಯಿತು! ಗುಡುಗುಡು ಎಂದು ನೆಲ ಅದುರಿದ್ದಕ್ಕೆ ಎತ್ತುಗಳು ಬಂಡಿ ಸಮೇತ ಓಡಿದವು. ಮೊದಲ ಹಿಡಿ ಹತ್ತಿಯನ್ನು ನಿಮ್ಮ ಮನೆಯ ಸುಂದ್ರವ್ವ ಹಾಕಿದಳು, ಎರಡನೆಯದನ್ನು ಯಲ್ಲಾರಿಯ ಹೆಂಡತಿ. ಹಾಲಿನ ನೊರೆಯ ಹಾಗೆ ಅರಳೆ ಉಕ್ಕಿ ಬಂತು. ಮಂದಿಯೆಲ್ಲ ಹೋ ಎಂದು ಕೂಗಿದರು. ಮೊರಿಯಾಮಾನ ತಲೆ, ಮೀಸೆ ಎಲ್ಲ ಬೆಳ್ಳಗೆ. ಅದನ್ನು ನೋಡಿ ಮರೆವ್ವ, "ಮುರಿಗೆಪ್ಪಾ, ಒಂದ ದಿನಕ್ಕ ಮುದುಕಾದಿ!" ಎಂದಳು. ನಾನು ತಿರುಗಿಸುವ ಮೊದಲೇ ಅವನು ನಕ್ಕ.

ಈಗ ಮುಖ್ಯ ಮಾತು. ಕೊಣ್ಣೂರಲ್ಲಿ ಕಂಪನಿಯ ಇನ್ನೊಂದು ಗಿರಣಿ ಏಳುತ್ತದೆ. ಅದಕ್ಕೆ ನನ್ನನ್ನು ಮ್ಯಾನೇಜರ ಮಾಡುತ್ತಾರಂತೆ. ನನ್ನನ್ನು! ಡಂಕನ್ ಹೇಳಿದ್ದು ಹೀಗೆ: "ನಾಳೆ ಬೆಳಿಗ್ಗೆ ಹೂಂ ಅಥವಾ ಇಲ್ಲ." ಮೊರಿಯಾಮಾ ಅವನು ಹೋದ ಮೇಲೆ ಮೆಲ್ಲಗೆ, "ತಿಂಗಳ ಕೊನೆಯ ತನಕ ಅವನನ್ನು ನಾನು ತಡೆದು ಹಿಡಿಯುತ್ತೇನೆ. ಕೇಳಬೇಕಾದವರನ್ನೆಲ್ಲ ಕೇಳು" ಎಂದ.

ಹೂಂ ಎಂದರೆ ಏನೇನು ಎಂದು ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ತೂಕದವರು, ಗುಮಾಸ್ತರು, ಹತ್ತಿ ತರುವ ಗೌಡರು ನನ್ನ ಎದುರು ನಿಲ್ಲಬೇಕು. ನಿಲ್ಲುತ್ತಾರೆಯೇ? ನಾನು ಹೇಳಿದ್ದು ನಡೆಯುತ್ತದೆಯೇ?

ಹುಕ್ಕೇರಿಗೆ ಹೋಗುವವರ ಕೈಯಲ್ಲಿ ಕೇಳಿಸಿದ್ದಕ್ಕೆ ಅವ್ವ ಹೇಳಿಕಳಿಸಿದಳು, ಹೋಗು ಎಂದು. ಮರೆವ್ವನನ್ನು ಕೇಳಿದೆ, "ಹೋಗಲಿಲ್ಲಾ ಅಂದ್ರ ಮನಿಗಿ ಬರಬ್ಯಾಡ" ಎಂದಳು. ಆಮೇಲೆ ಧೈರ್ಯ ಮಾಡಿ ನಿಮ್ಮ ತಂದೆಯವರ ಹತ್ತಿರ ಹೋದೆ. ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು.

"ನನ್ನ ಕೇಳಾಕ ಬಂದಿ?" ಎಂದರು.

"ಹೌದ್ರಿ ಗೌಡ್ರ."

ಹಗ್ಗ ಹೊಸೆದರು, ಹೊಸೆದರು. ಆಮೇಲೆ ತಲೆ ಎತ್ತದೆ, "ಕೊಣ್ಣೂರ ಮಗ್ಗಲಾಗ ಕೆಲವು ಮಂದಿ ಹತ್ತೀಗಿ ನೀರ ಚಿಮಕಿಸಿ ತೂಕಕ್ಕ ತರತಾರ. ಚೀಲದ ತಳಕ ಕೈ ಹಾಕಿ ನೋಡಬೇಕು. ಮ್ಯಾಲಷ್ಟ ನೋಡಿ ಮೋಸ ಹೋದಿ" ಎಂದರು. ಅಷ್ಟೇ. ನಾನು ಅಂಗಳ ದಾಟುವ ತನಕ ಕುಣಿಯಲಿಲ್ಲ, ದಾಟಿದ ಮೇಲೆ ಗಿರಣಿಯ ತನಕ ಓಡಿದೆ.

ಇನ್ನು ಉಳಿದವನು ನೀನೊಬ್ಬ. ನಿನ್ನ ಪತ್ರ ಬರುವ ತನಕ ನಾನು ಯಾರಿಗೂ ಏನೂ ಹೇಳುವುದಿಲ್ಲ. ಡಂಕನ್ ದಿನಾ ಗಡಿಯಾರ ತೋರಿಸುತ್ತಾನೆ. ತೋರಿಸಲಿ.

ನಿನ್ನವ,
ಕೇದಾರಿ


ಹುಕ್ಕೇರಿ
೨೫ ಮಾರ್ಚ್ ೧೯೩೬

ಕೇದಾರಿ,

ಹೂಂ ಅನ್ನು. ಟಪಾಲು ಸಿಕ್ಕ ಕೂಡಲೇ ಅನ್ನು, ಅಂಗಿ ಹಾಕಿಕೊಳ್ಳಲೂ ನಿಲ್ಲಬೇಡ.

ನಿನ್ನ ಪತ್ರವನ್ನು ನಿನ್ನೆ ಸಂಜೆ ನಿಮ್ಮ ಅಂಗಳದಲ್ಲಿ ಕೂತು ಓದಿದೆ. ಕೂಗಿ ಓದಿದೆ. ಓಣಿಯ ಮಂದಿ ಎಲ್ಲ ಬಂದು ನಿಂತರು. ಉದ್ದವ್ವ ನನ್ನ ಕೈಗೆ ಬೆಲ್ಲ ಕೊಟ್ಟಳು. ಅಲ್ಲೇ ಬಾಯಿಗೆ ಹಾಕಿಕೊಂಡೆ. ನನ್ನ ಬಾಯಿ ಅಲ್ಲಾಡುವ ತನಕ ಓಣಿಯೆಲ್ಲ ನೋಡುತ್ತ ನಿಂತಿತ್ತು.

ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಕಚೇರಿಯಲ್ಲಿ ಕೂತು ಮೇಲಿನವರ ಅಭಿಪ್ರಾಯ ಕೆಳಗೆ, ಕೆಳಗಿನವರದು ಮೇಲೆ ದಾಟಿಸಿದೆ. ನನ್ನದು ಎನ್ನುವ ಒಂದು ನಿರ್ಧಾರ ಮಾಡಿಲ್ಲ. ಇವತ್ತು ಮುಂಜಾನೆ ರಾಜೀನಾಮೆ ಬರೆದು ಕೊಟ್ಟೆ. ನಮ್ಮ ಕಚೇರಿಯ ಸಾಹೇಬರು ಗಾಬರಿಯಾಗಿ, "ಮನೆಯಲ್ಲಿ ಕೇಳಿದ್ದೀಯಾ?" ಎಂದರು. ಇಲ್ಲ ಎಂದೆ. ಅಪ್ಪನಿಗೆ ಕಾಗದ ಹಾಕಿದ್ದೇನೆ, ಬೈಯುತ್ತಾನೆ, ಬೈಸಿಕೊಳ್ಳುತ್ತೇನೆ.

ಕೊಣ್ಣೂರಿನ ಗಿರಣಿಗೆ ಒಬ್ಬ ಗುಮಾಸ್ತ ಬೇಕಾಗುತ್ತಾನೆ. ನನ್ನ ಅಕ್ಷರ ನಿನಗೆ ಗೊತ್ತು. ಕಲ್ಲಗುಂಡಿ ಗೌಡರ ಮಗ ನಿನ್ನ ಮೇಜಿನ ಮುಂದೆ ನಿಂತು "ಹೇಳ್ರಿ" ಎಂದರೆ ಉಳಿದವರೂ ನಿಲ್ಲುತ್ತಾರೆ. ನಿಲ್ಲದವರನ್ನು ಇಬ್ಬರೂ ಕೂಡಿ ನಿಲ್ಲಿಸೋಣ. ಸೋಮವಾರದ ಗಾಡಿಗೆ ಗೋಕಾಕ ರೋಡ ಸ್ಟೇಶನ್ನಿಗೆ ಬಂದು ಇಳಿಯುತ್ತೇನೆ, ಟ್ರಂಕು ಹಿಡಿದುಕೊಂಡು.

ಪಗಾರ ಎಷ್ಟು ಅನ್ನೋದನ್ನು ನೀನೇ ಠರಾಯಿಸು. ಅದೊಂದನ್ನ ನನ್ನ ಕೇಳಬ್ಯಾಡ.

ನಿನ್ನ,
ರಾಚಪ್ಪ